ಶನಿಯ ಬಳೆ

ಸೋಮವಾರ ಹನ್ನೊಂದರ ಸುಮಾರಿಗೆ ಅಂಬಾದಾಸನ ಪೆನ್ನು ತಿಕೋಟೆಯ ಒಂದು ಹೊಲದ ಬದುವನ್ನು ಪಕ್ಕದವನ ಹೊಲದೊಳಗೆ ಒಂದು ನೂಲಿನಷ್ಟು ಸರಿಸಿಬಿಟ್ಟಿತು. ಜಮೀನು ಅಳತೆಯ ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿದ ಹನ್ನೊಂದು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು. ಹಳೆಯ ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಗೆರೆ ಎಳೆಯುವುದು ಅವನ ಕೆಲಸ. ಯಾರಾದರೂ ಕೇಳಿದರೆ "ಕಂಡದ್ದನ್ನ ಇಳಿಸೂದು, ಅಷ್ಟ ನೋಡ್ರಿ" ಎನ್ನುತ್ತಿದ್ದ, ಆ 'ಅಷ್ಟ'ದೊಳಗೆ ಒಂದು ಮುಷ್ಟಿ ಜಂಬವೂ ಇರುತ್ತಿತ್ತು. ಈಗ ಬ್ಲೇಡು ತೆಗೆದುಕೊಂಡು ಹಸಿ ಮಸಿಯನ್ನು ಕೆರೆಯತೊಡಗಿದ. ಕೆರೆಯುವ ಸದ್ದು ಕಿವಿಗೆ ಬಿದ್ದದ್ದೇ ತಡ, ಕೈ ತಾನಾಗಿ ನಿಂತಿತು. ನಿನ್ನೆ ಮುಂಜಾನೆ ಇದೇ ಕೈ ಇದಕ್ಕಿಂತ ದೊಡ್ಡ ಸದ್ದು ಮಾಡಿ ಆರು ವರ್ಷದ ಕೆಲಸವನ್ನು ಹತ್ತು ನಿಮಿಷದಲ್ಲಿ ಕೆರೆದು ಹಾಕಿತ್ತು. ಮೊನ್ನೆ ಸಂಜೆ ಇದೇ ಬಾಯಿ, ತನ್ನದೇ ಮಾಳಿಗೆಯ ಮೇಲೆ, ಹೆಡ್ ಕ್ಲಾರ್ಕರ ಎದುರಿಗೆ ಹೆಂಡತಿ ಸಾವಂತ್ರವ್ವನಿಗೆ ಕಣ್ಣಿಲ್ಲ ಎಂದಿತ್ತು. ಆಗಿನಿಂದ ಅವಳು ಮಾತಾಡಿಲ್ಲ. ರೊಟ್ಟಿ ತಟ್ಟೆಗೆ ಬೀಳುತ್ತದೆ, ನೀರಿನ ತಂಬಿಗೆ ಬಲಗಡೆಗೆ ಬಂದು ಕೂಡುತ್ತದೆ, ಮಾತು ಮಾತ್ರ ಬರುವುದಿಲ್ಲ. ತಾನೇ ತಿಕ್ಕಿ ಮಾಡಿದ ದುರ್ಬೀನಿನ ಕನ್ನಡಿ ಹಾಳಾದದ್ದು ಹೆಚ್ಚು ಉರಿಯುತ್ತಿದೆಯೋ ಈ ಮೌನವೋ ಎಂದು ಅವನಿಗೇ ತಿಳಿಯದು. ತಿಕೋಟೆ ಅವಳ ತವರು ಬೇರೆ. ಬದು ಸರಿದ ಹೊಲ ಅವಳ ಕಾಕಂದಿರದ್ದೇ ಇರಬೇಕೆಂದು ಅವನಿಗೆ ಸುಮ್ಮಸುಮ್ಮನೆ ಅನಿಸಿತು.

ಇದೆಲ್ಲ ಶುರುವಾದದ್ದು ಬಬಲೇಶ್ವರದಲ್ಲಿ. ಅಳತೆಯ ತಂಡದೊಂದಿಗೆ ಎಂಟು ದಿನ ಅಲ್ಲಿ ಬಿಡಾರ ಹೂಡಿದಾಗ ಚಾವಡಿಯೊಳಗೆ ತಿಗಣೆ ಕಾಟ ತಾಳದೆ ಕಂಬಳಿ ಹೊತ್ತು ಹೊರಗೆ ಬಂದು ಮಲಗಿದ್ದ. ಬೆನ್ನಿಗೆ ಕರಿಮಣ್ಣಿನ ಹೆಂಟೆ ಒತ್ತುತ್ತಿತ್ತು. ಮೇಲೆ ನೋಡಿದರೆ ಆಕಾಶದಲ್ಲಿ ಒಂದು ಗೇಣು ಜಾಗ ಖಾಲಿ ಇರಲಿಲ್ಲ. ಇಷ್ಟು ದೊಡ್ಡ ಹೊಲವನ್ನು ಯಾರೂ ಅಳೆದು ನಕ್ಷೆ ಮಾಡಿಲ್ಲವೇ ಎಂಬ ಪ್ರಶ್ನೆ ಟ್ರೇಸರನಿಗಲ್ಲದೆ ಇನ್ನಾರಿಗೆ ಬರಬೇಕು! ಊರಿಗೆ ಬಂದವನೇ ಲೈಬ್ರರಿಯಿಂದ ನಕ್ಷತ್ರಗಳ ಮೇಲಿನ ಒಂದು ಇಂಗ್ಲಿಷ್ ಪುಸ್ತಕ ತಂದ. ಹದಿನೈದು ದಿನದ ವಾಯಿದೆ. ದುರ್ಬೀನಿನ ಕನ್ನಡಿ ತಿಕ್ಕುವುದು ಹೇಗೆಂಬ ಅಧ್ಯಾಯವನ್ನು ಡಿಕ್ಷನರಿ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಓದಿದ. ಗ್ರಹಗಳ ಅಧ್ಯಾಯಕ್ಕೆ ಬರುವಷ್ಟರಲ್ಲಿ ವಾಯಿದೆ ಮುಗಿಯುತ್ತಿತ್ತು. ಹೀಗಾಗಿ ಅದನ್ನು ಓದಲಿಲ್ಲ, ಇಳಿಸಿಕೊಂಡ. ಶನಿಯ ಚಿತ್ರದ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ನಡುವಿನ ಗುಂಡು, ಸುತ್ತಲಿನ ಓರೆಯಾದ ಬಳೆ, ಬಳೆಯೊಳಗಿನ ಸಂದು, ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದೆ ಎಳೆದ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಅಕ್ಷರ ಇಳಿಸುವುದು ಅವನ ಕೆಲಸವಲ್ಲ. ಆ ಚಿತ್ರ ಆರು ವರ್ಷ ಬುದ್ಧನ ಪಟದ ಪಕ್ಕದಲ್ಲಿ ತೂಗಿತು. ಅಪ್ಪ ಧೂಳಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಮನೆಯ ದೇವರನ್ನೆಲ್ಲ ಕೆಳಗಿಳಿಸಿ ಬುದ್ಧನ ಪಟ ಹಾಕಿದ್ದ. ದೇವರನ್ನು ಇಳಿಸಿದ ಗೋಡೆಗೆ ಮಗ ಶನಿಯನ್ನು ಏರಿಸಿದನಲ್ಲ ಎಂದು ಸಾಯುವತನಕ ಅಪ್ಪನಿಗೆ ಸಮಾಧಾನವಿರಲಿಲ್ಲ.

ದಪ್ಪ ಗಾಜಿನ ಎರಡು ಬಿಲ್ಲೆಗಳನ್ನು ಕೊಟ್ಟವನು ಗುಜರಿಯ ದಾವಲಸಾಬ. ಮುಂಬಯಿಯಲ್ಲಿ ಒಡೆದ ಹಡಗಿನ ಕಿಟಕಿಯವು, ಸಮುದ್ರವನ್ನೇ ತಡೆದ ಗಾಜು ಎಂದು ಆಣೆ ಮಾಡಿ ಹೇಳಿದ್ದ. ಡ್ರಮ್ಮಿನ ಮೇಲೆ ಒಂದರ ಮೇಲೊಂದು ಇಟ್ಟು, ನಡುವೆ ಗಾಜು ತೇಯುವ ಹರಳುಗಲ್ಲಿನ ಪುಡಿ, ನೀರು ಹಾಕಿ, ಅದರ ಸುತ್ತ ಗಾಣದೆತ್ತಿನಂತೆ ತಿರುಗುತ್ತ ತಿಕ್ಕಬೇಕು. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು, ಕೊನೆಗೆ ಕುಂಕುಮದಂಥ ಕೆಂಪು ಪುಡಿ. ಮೂರು ಸಲ ಕೆಟ್ಟಿತು. ಒಮ್ಮೆ ಅವನ ಮನೆಯಿದ್ದ ಜೋರಾಪುರ ಪೇಟೆಯ ಧೂಳಿನ ಒಂದೇ ಒಂದು ಕಣ ನಡುವೆ ಸಿಕ್ಕು ಎಂಟು ತಿಂಗಳ ಹೊಳಪಿನ ಮೇಲೆ ಗೀರು ಎಳೆಯಿತು, ಅವನು ಆ ದಿನ ಊಟ ಬಿಟ್ಟ. ಓಣಿಯಲ್ಲಿ ಮೊದಮೊದಲು ಅಂಬಾದಾಸ ಮಾಳಿಗೆ ಹತ್ತಿದರೆ ಹೆಂಗಸರು ಒಣಗಿಸಿದ ಬಟ್ಟೆ ತೆಗೆದುಕೊಂಡು ಕೆಳಗಿಳಿಯುತ್ತಿದ್ದರು, ಇನ್ನೂ ಕನ್ನಡಿ ಕೂಡದ ಅವನ ದುರ್ಬೀನಿನ ಕೊಳವೆ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಎರಡು ಸಲ ಜಗಳವೂ ಆಯಿತು. ಆಗೆಲ್ಲ ಸಾವಂತ್ರವ್ವನೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ನಮ್ಮವರಿಗೆ ಎದುರಿಗೆ ನಿಂತಾಕಿನ ಕಾಣೂದಿಲ್ಲ, ನಿಮ್ಮನ್ನೇನ ನೋಡ್ತಾರ ಬೇ!" ಎಂದು ಗಂಡನ ಮಾನ ಉಳಿಸಿದ್ದಳು. ಮಾನ ಉಳಿಯಿತೋ ಕಳೆಯಿತೋ ಎಂದು ಅವನು ಬಹಳ ಹೊತ್ತು ಯೋಚಿಸಿದ್ದ.

ಆದರೆ ಶುಕ್ರವಾರದ ನಸುಕು ಇತ್ತು. ಅದೊಂದನ್ನು ಯಾರೂ ಕಸಿದುಕೊಳ್ಳಲಾರರು. ಹಿಂದಿನ ದಿನವಷ್ಟೇ ಕನ್ನಡಿಗೆ ಬೆಳ್ಳಿಯ ಲೇಪ ಹಿಡಿದಿತ್ತು. ನೆತ್ತಿಯ ಹತ್ತಿರ ಗುರು ಉರಿಯುತ್ತಿದ್ದ. ಕೊಳವೆ ತಿರುಗಿಸಿ ನೋಡಿದರೆ ಗುಂಡಗಿನ, ಬೆಣ್ಣೆಯ ಬಣ್ಣದ ಬಿಲ್ಲೆ, ಅದರ ಅಕ್ಕಪಕ್ಕ ಒಂದೇ ಸಾಲಿನಲ್ಲಿ ಚುಕ್ಕೆಗಳು. ಕೆಳಗೋಡಿ ಹೆಂಡತಿಯನ್ನು ಎಬ್ಬಿಸಿ ಕರೆತಂದ. ಅವಳು ಚಳಿಗೆ ತಲೆತುಂಬ ಸೆರಗು ಹೊದ್ದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. "ಅದರ ಸುತ್ತ ಚಂದ್ರ ಅದಾವು, ನಾಕು" ಎಂದ ಇವನು. "ಮೂರ ಅದಾವ್ರಿ" ಎಂದಳು ಅವಳು. "ನಾಕು. ಪುಸ್ತಕದಾಗ ಐತಿ." "ಪುಸ್ತಕದಾಗ ಇರವಲ್ಲದ್ಯಾಕ, ಇಲ್ಲಿ ಮೂರ ಅದಾವು." ಅರ್ಧ ತಾಸಿನ ಮೇಲೆ ಗುರುವಿನ ಅಂಚಿನಿಂದ ನಾಲ್ಕನೆಯದು ಮೆಲ್ಲಗೆ ಹೊರಬಂದಾಗ ಇಬ್ಬರೂ ನಕ್ಕಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇಬ್ಬರೂ ಕೂಡಿ ಒಂದೇ ವಸ್ತುವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. ಅವನಿಗೆ ಆಗ ಬಹಳ ಸುಖವಾಗಿತ್ತು.

ಆ ಸಂಜೆ ಶನಿಯೂ ಎದುರಿಗೇ ಇದ್ದ. ಆದರೂ ಅಂಬಾದಾಸ ಕೊಳವೆಯನ್ನು ಅತ್ತ ತಿರುಗಿಸಲಿಲ್ಲ. ಮರುದಿನ ಮಂದಿಯನ್ನು ಕರೆದಿದ್ದೇನೆ, ಎಲ್ಲರೊಂದಿಗೇ ನೋಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಒಳಗಿನ ಮಾತು ಬೇರೆಯೇ ಇತ್ತು. ದೇವರು ದಿಂಡರು ಬಿಟ್ಟು ಒಂಬತ್ತು ವರ್ಷವಾದ ಮನೆಯ ಮಗ, ಶನಿಯ ಮುಖವನ್ನು ಒಬ್ಬನೇ ನೋಡಲು ಅಂಜಿದ್ದ. ಗೆಳೆಯರು ನಾಲ್ಕು ಮಂದಿ ಜತೆಗಿದ್ದರೆ ಏನಾಗುವುದಿದ್ದರೂ ಹಂಚಿ ಹೋಗುತ್ತದೆ. ಹೆಡ್ ಕ್ಲಾರ್ಕ್ ಯಲಗೂರಪ್ಪನವರ ಅಂಜಿಕೆ ಹೀಗೆ ಮುಚ್ಚಿಟ್ಟದ್ದಲ್ಲ. ಹನುಮಪ್ಪನ ಭಕ್ತರು, ಶನಿವಾರ ಒಪ್ಪೊತ್ತು. "ಏನ್ರಿ ಅಂಬಾದಾಸ, ನನಗ ಏಳೂವರಿ ವರ್ಷದ ಶನಿ ಕಾಟ ನಡದೈತಿ. ಅವನ ಮಾರಿ ನೇರ ನೋಡಿದ್ರ ಏನೂ ಆಗೂದಿಲ್ಲಲ್ಲ?" ಎಂದು ಮೂರು ಸಲ ಕೇಳಿದ್ದರು. "ಅಷ್ಟು ದೂರ ಅದಾನ್ರಿ ಸಾಹೇಬ್ರ, ನಾವು ನೋಡಿದ್ದು ಅವಗ ತಿಳಿಯೂದೂ ಇಲ್ಲ." ಅವರು ಬರುತ್ತೇನೆಂದರು. ಹನ್ನೊಂದು ವರ್ಷ ಒಂದೇ ಕಚೇರಿ, ಒಂದೇ ಗಡಿಗೆಯ ನೀರು ಎಂದು ಹೇಳುವ ಹಾಗಿರಲಿಲ್ಲ. ಅವರ ತಂಬಿಗೆ ಅವರ ಮೇಜಿನ ಕೆಳಗೆ ಬೇರೆಯೇ ಇರುತ್ತಿತ್ತು. ಒಂದು ದಿನವೂ ಅವರು ಅಂಬಾದಾಸನ ಮನೆ ಹೊಸಿಲು ತುಳಿದವರಲ್ಲ. ಶನಿಯ ಬಳೆ ನೋಡಲು ಬರುತ್ತಾರೆ, ಬಂದರೆ ಚಹಾ ಕುಡಿಯುತ್ತಾರೆಯೇ ಎಂಬುದರ ಮೇಲೆ ಗಂಡ ಹೆಂಡತಿ ಎರಡು ದಿನ ಮಾತಾಡಿದರು. ಕಪ್ಪು ಬಸಿ ಹೊಸವು ಬಂದವು.

ಅವರು ಬಂದರು. ನಿಚ್ಚಣಿಕೆ ಹತ್ತಿದರು. ಚಹಾ ಕುಡಿದರು. ಒಂದೇ ಗುಟುಕಿಗೆ, ಕಷಾಯ ಕುಡಿದಂತೆ, ಆದರೆ ಪೂರ್ತಿ ಕುಡಿದರು. ಸಾವಂತ್ರವ್ವ ಅದನ್ನು ನೋಡಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. ಪಕ್ಕದ ಮನೆಯ ಮುದುಕಿ ಪರಸವ್ವ ಒಂದು ಬಟ್ಟಲು ಎಳ್ಳೆಣ್ಣೆ ಹಿಡಿದು ಬಂದಿದ್ದಳು, ಕೊಳವೆಯ ಬಾಯಿ ಮೇಲಕ್ಕೆ ತೆರೆದಿದ್ದನ್ನು ಕಂಡು ಶನಿದೇವರು ತಳದಲ್ಲಿ ಸಿಕ್ಕಿದ್ದಾನೆಂದು ತಿಳಿದು ಎಣ್ಣೆ ಹೊಯ್ಯಲು ಕೈ ಎತ್ತಿಯೂ ಇದ್ದಳು. ದಾವಲಸಾಬ ಹಾರಿ ಬಂದು ಹಿಡಿದುಕೊಂಡ. "ಯವ್ವಾ, ಅದು ನನ್ನ ಗಾಜು ಬೇ!" ಎಲ್ಲರೂ ನಕ್ಕರು. ಮೊದಲು ಚಂದ್ರನನ್ನು ತೋರಿಸಿದ, ತಗ್ಗು ದಿನ್ನೆಗಳನ್ನು ಕಂಡು ಯಲಗೂರಪ್ಪನವರು ಎರಡು ಸಲ "ಅಬಾಬಾ" ಎಂದರು. ಆಮೇಲೆ ಅಂಬಾದಾಸ ಕೊಳವೆಯನ್ನು ತೆಂಕಣಕ್ಕೆ, ನೆತ್ತಿಯ ಕೆಳಗಿದ್ದ ಮಂಕು ಹಳದಿ ಚುಕ್ಕೆಗೆ ತಿರುಗಿಸಿ ಕಣ್ಣಿಟ್ಟ. ಕಡಲೆಕಾಳಿನಷ್ಟು ಗುಂಡು. ಹಳದಿ. ಸುತ್ತ ಏನೂ ಇಲ್ಲ. ಕಣ್ಣು ಒರೆಸಿಕೊಂಡ. ಕಣ್ಣಿಡುವ ಗಾಜನ್ನು ಒಳಗೆ ಹೊರಗೆ ಜರುಗಿಸಿದ. ಗುಂಡು ದೊಡ್ಡದಾಯಿತು, ಮಂಜಾಯಿತು, ಮತ್ತೆ ಗುಂಡಾಯಿತು. ಆರು ವರ್ಷ ಗೋಡೆಯ ಮೇಲೆ ಕಂಡ ಬಳೆ, ತಾನೇ ಎಳೆದ ಬಳೆ, ಅಲ್ಲಿರಲಿಲ್ಲ. ಬೆನ್ನ ಹಿಂದೆ ಯಲಗೂರಪ್ಪನವರು, "ಕಂಡತೇನ್ರಿ?" ಎಂದರು. ಚಹಾ ಕುಡಿದ ಬಾಯಿಂದ ಕೇಳಿದ ಪ್ರಶ್ನೆ ಅದು. "ಕಂಡತ್ರಿ" ಎಂದ ಅಂಬಾದಾಸ. "ಬರ್ರಿ. ಬಳಿ ಭಾಳ ಸಣ್ಣದೈತಿ, ಲಕ್ಷ್ಯ ಕೊಟ್ಟು ನೋಡಬೇಕು."

ಯಲಗೂರಪ್ಪನವರು ಟೊಪ್ಪಿಗೆ ತೆಗೆದು, ಕೈ ಮುಗಿದು, ನೋಡಿದರು. ಕೊಳವೆಯಿಂದ ಕಣ್ಣು ತೆಗೆದು, "ಹೌದ್ರಿ. ಐತಿ. ಬಳಿ ಐತಿ" ಎಂದರು. ದಾವಲಸಾಬ ಬಗ್ಗಿದವನೇ, "ಐತಿ ಅಂದ್ರ ಹೆಂಗೈತ್ರಿ! ನನ್ನ ಗಾಜಿನಾಗ ಕಾಣಲಾರದ ಏನು?" ಎಂದ. ಪರಸವ್ವ ಪೊರೆ ಬಂದ ಕಣ್ಣನ್ನು ಕೊಳವೆಗೆ ಒತ್ತಿ, "ಹಸರ ಬಳಿ ಐತಪ್ಪಾ, ಹಸರ ಬಳಿ" ಎಂದು ಗಲ್ಲ ಗಲ್ಲ ಬಡಿದುಕೊಂಡಳು. ಅಂಬಾದಾಸನಿಗೆ ಹಾಯೆನಿಸಿತು, ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಎಲ್ಲರಿಗೂ ಕಾಣುತ್ತದೆ, ಕಟ್ಟಿದವನಿಗೆ ಕಾಣುವುದಿಲ್ಲ. ಕಪ್ಪುಬಸಿ ಎತ್ತಲು ಬಂದ ಸಾವಂತ್ರವ್ವನಿಗೆ ಯಲಗೂರಪ್ಪನವರೇ, "ತಂಗೀ, ನೀನೂ ನೋಡವಾ" ಎಂದರು. ಅವಳು ಕಪ್ಪು ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು. "ಬಳಿ ಎಲ್ಲೈತ್ರಿ? ಬರೇ ಗೋಲಿ ಐತಿ. ನಟ್ಟನಡಕ ಒಂದು ಕರೀ ಗೆರಿ ಐತಿ ನೋಡ್ರಿ, ಕೂದಲದಂಥಾದ್ದು."

ಎಲ್ಲರೂ ಅಂಬಾದಾಸನತ್ತ ತಿರುಗಿದರು. ಪರಸವ್ವನ ಬಟ್ಟಲಿನಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಸಾವಂತ್ರವ್ವ ಅದನ್ನು ಮೆಲ್ಲಗೆ ತನ್ನೊಬ್ಬನಿಗೆ ಹೇಳಿದ್ದರೆ ಎಂದು ಅವನಿಗೆ ಎರಡು ದಿನದಿಂದ ಅನಿಸುತ್ತಲೇ ಇದೆ. ಹೇಳಿದ್ದರೂ ಅವನು ಅದನ್ನೇ ಅನ್ನುತ್ತಿದ್ದನೇನೋ. "ಕಣ್ಣಿಲ್ಲ ನಿನಗ!" ಎಂದಿದ್ದ, ದನಿ ತನ್ನದೇ ಎಂದು ಗುರುತು ಹತ್ತದಷ್ಟು ಎತ್ತರಕ್ಕೆ. "ಸಾಹೇಬ್ರಿಗೆ ಕಾಣತೈತಿ, ಕಣ್ಣಾಗ ಪೊರಿ ಬಂದ ಮುದಕಿಗೆ ಕಾಣತೈತಿ, ನಿನಗ ಕಾಣೂದಿಲ್ಲ. ಗೆರಿ ಅಂತ ಗೆರಿ! ಸೆರಗಿಲೆ ಕನ್ನಡಿ ಒರಿಸಿ ಗೀರು ಬೀಳಿಸಿದಾಕಿ ನೀನ ಇರಬೇಕು." ಅವಳು ಆ ಕನ್ನಡಿಯನ್ನು ಒಂದು ದಿನವೂ ಮುಟ್ಟಿದವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೇಳುವಾಗಲೇ ಗೊತ್ತಿತ್ತು. ಅವಳು ಕಪ್ಪುಗಳನ್ನು ಒಂದರೊಳಗೊಂದು ಇಟ್ಟು, ಸದ್ದು ಮಾಡದೆ ನಿಚ್ಚಣಿಕೆ ಇಳಿದಳು. ಉಳಿದವರು ಒಬ್ಬೊಬ್ಬರಾಗಿ ಹೊಗಳುತ್ತ ಇಳಿದರು.

ಭಾನುವಾರ ಮುಂಜಾನೆ ಅವನು ಕನ್ನಡಿ ಬಿಚ್ಚಿ, ಬೆಳ್ಳಿ ತೊಳೆದು, ಡ್ರಮ್ಮಿನ ಮೇಲಿಟ್ಟು ಮೊದಲಿನ ದಪ್ಪ ಪುಡಿ ಸುರಿದ. ಬಳೆ ತೋರಿಸದ ಕನ್ನಡಿ ಇದ್ದೇನು ಉಪಯೋಗ. ಅಡುಗೆಮನೆಯ ಬಾಗಿಲಲ್ಲಿ ಸಾವಂತ್ರವ್ವ ನಿಂತಿದ್ದಳು. ಬ್ಯಾಡ್ರಿ ಎಂದು ಒಂದು ಮಾತು ಅಂದಿದ್ದರೆ ನಿಲ್ಲಿಸುತ್ತಿದ್ದ, ಅದಕ್ಕಾಗಿ ಪುಡಿಯ ಮೇಲೆ ನೀರು ಹಾಕುವುದನ್ನು ತಡಮಾಡಿಯೂ ನೋಡಿದ. ಅವಳು ಅನ್ನಲಿಲ್ಲ. ಗರ್ ಎಂದು ಮೊದಲ ಸುತ್ತು ತಿರುಗಿದಾಗ ಅವಳು ಒಳಗೆ ಹೋದಳು.

ತಿಕೋಟೆಯ ಬದುವನ್ನು ಸರಿಪಡಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಅವನು ಬುತ್ತಿ ಬಿಚ್ಚದೆ ಲೈಬ್ರರಿಗೆ ನಡೆದ. ಏಕೆಂದು ಸ್ಪಷ್ಟವಿರಲಿಲ್ಲ. ತನ್ನ ಗೆರೆಯಲ್ಲೇ ಎಲ್ಲೋ ತಪ್ಪಿರಬೇಕು, ಮೂಲಕ್ಕೆ ಹೋಲಿಸಿ ನೋಡಬೇಕು, ಕಚೇರಿಯಲ್ಲಿ ಮಾಡುವುದು ಅದನ್ನೇ ಅಲ್ಲವೇ. ಆರು ವರ್ಷದಲ್ಲಿ ಪುಸ್ತಕವನ್ನು ಇನ್ನೊಬ್ಬರು ಒಯ್ದ ಗುರುತಿರಲಿಲ್ಲ. ಶನಿಯ ಚಿತ್ರ ಇದ್ದಲ್ಲೇ ಇತ್ತು, ಗೆರೆ ಗೆರೆಗೂ ಸರಿಯಾಗಿತ್ತು. ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದ. ಈ ಬಳೆ ಯಾವಾಗಲೂ ಹೀಗೆ ಕಾಣುವುದಿಲ್ಲ, ಸುಮಾರು ಹದಿನೈದು ವರ್ಷಕ್ಕೊಮ್ಮೆ ಅದರ ಅಂಚು ಮಾತ್ರ ನಮ್ಮ ಕಡೆಗಿರುತ್ತದೆ, ಆಗ ಕೆಲವು ತಿಂಗಳು ಅದು ಕಾಣುವುದೇ ಇಲ್ಲ. ೧೯೫೦ರಲ್ಲಿ ಹೀಗಾಗಿತ್ತು, ಮತ್ತೆ ೧೯೬೬ರಲ್ಲಿ ಆಗುತ್ತದೆ. ಅವನು ಗೋಡೆಯ ಕ್ಯಾಲೆಂಡರಿನತ್ತ ನೋಡಿದ, ಯಾರಿಗೆ ಗೊತ್ತು, ವರ್ಷ ಬದಲಾಗಿದ್ದರೂ ಇರಬಹುದು. ಅರವತ್ತಾರೇ ಇತ್ತು. ಇನ್ನೂ ಒಂದು ಸಾಲಿತ್ತು. ಅಂಥ ಹೊತ್ತಿನಲ್ಲಿ ಬಿಂಬದ ನಡುವೆ ಕೂದಲಿನಂಥ ಒಂದು ಕರಿಗೆರೆ ಕಾಣಬಹುದು, ಅದು ಬಳೆಯ ನೆರಳು. ಬಹಳ ಒಳ್ಳೆಯ ಕನ್ನಡಿಯಲ್ಲಿ, ಬಹಳ ಚುರುಕಾದ ಕಣ್ಣಿಗೆ ಮಾತ್ರ. ಅಂಬಾದಾಸ ಪುಸ್ತಕ ಮುಚ್ಚಿದ. ಎದುರಿಗೆ ಕೂತು ಪೇಪರು ಓದುತ್ತಿದ್ದ ಮುದುಕ ಇವನ ಮುಖ ನೋಡಿ, "ಯಾರರ ಹೋದರೇನ್ರಿ?" ಎಂದು ಕೇಳಿದ. "ಇಲ್ರಿ, ಒಂದು ಕನ್ನಡಿ" ಎಂದ ಅಂಬಾದಾಸ.

ಕಚೇರಿಗೆ ಬಂದವನೇ ಯಲಗೂರಪ್ಪನವರ ಮೇಜಿನ ಮುಂದೆ ನಿಂತ. "ಸಾಹೇಬ್ರ, ಬಳಿ ಇರಲಿಲ್ಲ. ಈ ವರ್ಷ ಕಾಣೂದ ಇಲ್ಲಂತ. ನಾ ಸುಳ್ಳು ಹೇಳಿದೆ." ಯಲಗೂರಪ್ಪನವರು ಆಚೆ ಈಚೆ ನೋಡಿ ದನಿ ಇಳಿಸಿದರು. "ಕುಂಡ್ರ್ರಿ. ಇರಲಿಲ್ಲ ಅನ್ನೂದು ನನಗೂ ಕಂಡಿತ್ತು."

"ಮತ್ತ ಐತಿ ಅಂದ್ರಿ?"

"ಅನ್ನದ ಏನ ಮಾಡ್ಲಿ? ಹನ್ನೊಂದು ವರ್ಷದ ಮ್ಯಾಲೆ ನಿಮ್ಮ ಮನಿ ಹತ್ತೀನಿ. ಚಹಾ ಕುಡದೆ, ಬಳಿ ಮಾತ್ರ ಕಾಣೂದಿಲ್ಲ ಅಂದಿದ್ರ, ನೀವು ಏನ ತಿಳ್ಕೊತಿದ್ರಿ? ಕುಡದದ್ದೂ ಮನಸಿನಿಂದ ಅಲ್ಲ ಅಂತ ತಿಳ್ಕೊತಿದ್ರಿ." ಅವರು ಕಿವಿ ಕೆಂಪಗೆ ಮಾಡಿಕೊಂಡು ಮೇಜಿನ ಮೇಲಿನ ಕಾಗದಗಳನ್ನು ಸರಿಸಿದರು. "ಈಗ ಊರ ತುಂಬ ಹೇಳೀನಿ, ಶನಿ ಬಳಿ ನೋಡಿ ಬಂದೆ, ಏಳೂವರಿ ಹಗರಾತು ಅಂತ. ನಮ್ಮ ಮನ್ಯಾಗೂ ಹೇಳೀನಿ. ನನ್ನ ಬಳಿ ತಗೀಬ್ಯಾಡ್ರಿ ಮಾರಾಯ್ರ." ಅಂಬಾದಾಸನಿಗೆ ನಗು ಬಂತು. ಅವರ ಸುಳ್ಳು ತನ್ನದಕ್ಕಿಂತ ಒಳ್ಳೆಯದಿತ್ತು. ಅವರು ಇನ್ನೊಬ್ಬರ ಮಾನಕ್ಕಾಗಿ ಹೇಳಿದ್ದರು, ತಾನು ತನ್ನದಕ್ಕಾಗಿ. ಖರೆ ಹೇಳಿದವಳು ಒಬ್ಬಳೇ, ಬೈಸಿಕೊಂಡವಳೂ ಅವಳೇ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಾಗ ಸಾವಂತ್ರವ್ವ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಅವನು ಬಾಗಿಲಿಗೆ ಆತು ಎಲ್ಲವನ್ನೂ ಹೇಳಿದ, ಬಳೆಯ ಅಂಚು, ಹದಿನೈದು ವರ್ಷ, ಕರಿಗೆರೆ, ಒಂದನ್ನೂ ಬಿಡಲಿಲ್ಲ. ಹೇಳುವಾಗ ದನಿ ತಾನಾಗಿ ಸಣ್ಣದಾಗಿತ್ತು, ಗೋಡೆಯಾಚೆ ಪರಸವ್ವನಿಗೆ ಕೇಳಬಾರದಲ್ಲ. "ನೀ ನೋಡಿದ್ದ ಖರೆ. ನಂದ ತಪ್ಪಾತು. ಚಲೋ ಕನ್ನಡಿ ಇತ್ತು, ಅದನ್ನೂ ಕೆರದು ಕುಂತೆ." ಅವಳು ಒಂದು ಕಡ್ಡಿಯಿಂದ ಎಲೆ ಬಿಡಿಸಿ, ಕಡ್ಡಿ ಎಸೆದು, ಎರಡು ದಿನದ ಮೇಲೆ ಮೊದಲ ಮಾತಾಡಿದಳು.

"ಮಾಳಿಗಿ ಮ್ಯಾಲೆ ನಿಂತು ಬೈದ್ರಿ. ಅಡಗಿ ಮನ್ಯಾಗ ಬಂದು, ಪಿಸಿಪಿಸಿ, ತಪ್ಪಾತು ಅಂತೀರಿ."

"ಮತ್ತ ಏನ ಮಾಡ್ಲಿ?"

"ನನಗೇನ ಕಾಣತೈತ್ರಿ. ಕಣ್ಣಿಲ್ಲದಾಕಿ."

ಅವನು ತಿರುಗಿ ನಿಚ್ಚಣಿಕೆ ಹತ್ತಿದ. ಒಂದಕ್ಕೊಂದು ಅಂಟಿದ ಮಾಳಿಗೆಗಳ ಮೇಲೆ ಸಂಜೆಯ ಮಂದಿ ಇದ್ದರು. ಪರಸವ್ವ ಒಣಗಿದ ಸೀರೆ ಮಡಚುತ್ತಿದ್ದಳು, ಎರಡು ಮನೆಯಾಚೆ ದಾವಲಸಾಬ ಪಾರಿವಾಳಗಳನ್ನು ಗೂಡಿಗೆ ಕರೆಯುತ್ತಿದ್ದ, ಇನ್ನೂ ನಾಲ್ಕಾರು ಮನೆಯವರು ಗಾಳಿಗೆ ಕೂತಿದ್ದರು. ಶನಿ ಆಗಲೇ ಕಾಣುತ್ತಿದ್ದ, ಅವನತ್ತ ನೋಡುವ ಧೈರ್ಯವಾಗಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡ. ಇಳಿದು ಹೋಗೋಣವೇ ಎಂದುಕೊಂಡ. "ಪರಸವ್ವಾ!" ಎಂದ ಕೊನೆಗೆ, ಅವಳು ಹತ್ತು ಮೊಳ ದೂರದಲ್ಲಿದ್ದರೂ ಹತ್ತು ಮನೆಗೆ ಕೇಳುವಂತೆ. "ದಾವಲಸಾಬಾ! ಶನಿವಾರ ಬಳಿ ಇರಲಿಲ್ಲ. ನಾ ಸುಳ್ಳ ಹೇಳಿದೆ. ನಮ್ಮಾಕಿ ನೋಡಿದ್ದ ಖರೆ. ಗೆರಿ ಇತ್ತು. ಆಕಿ ಕಣ್ಣು ಊರಾಗ ಯಾರಿಗೂ ಇಲ್ಲ!"

ಪಾರಿವಾಳಗಳು ಒಮ್ಮೆ ಎದ್ದು ಕೂತವು. "ಗೊತ್ತೈತೇಳೊ ತಮ್ಮಾ" ಎಂದಳು ಪರಸವ್ವ, ಸೀರೆ ಮಡಚುವುದನ್ನು ನಿಲ್ಲಿಸದೆ. "ಎಲ್ಲಾರಿಗೂ ಗೊತ್ತೈತಿ. ಮುದಕಿ ನಿಚ್ಚಣಿಕಿ ಹತ್ತಿ ಬಂದು ಏನೂ ಕಾಣಲಿಲ್ಲಂತ ಇಳೀಲೇನು? ಅದಕ್ಕ ಹಸರ ಬಳಿ ಅಂದೆ." ದಾವಲಸಾಬ ತನ್ನ ಮಾಳಿಗೆಯ ಅಂಚಿಗೆ ಬಂದು, "ಹಂಗಾರ ನನ್ನ ಗಾಜು ಖರೆ ಇತ್ತಲ್ರಿ?" ಎಂದು ಕೂಗಿದ. "ಖರೆ ಇತ್ತಪಾ. ನಾ ಕೆರದೀನಿ. ಮತ್ತ ತಿಕ್ಕತೀನಿ" ಎಂದ ಅಂಬಾದಾಸ. ಅಲ್ಲಲ್ಲಿ ಮಾಳಿಗೆಗಳ ಮೇಲೆ ನಗು ಹಬ್ಬಿತು. ಅವನ ಮುಖ ಸುಡುತ್ತಿತ್ತು, ಆದರೂ ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಗಿ ಕಾಲು ಚಾಚಿ ಕೂತ.

ಅಡುಗೆಮನೆಯ ಬೆಳಕಿಂಡಿಯಿಂದ ಸಾವಂತ್ರವ್ವನ ದನಿ ಬಂತು. "ಏನಂದ್ರಿ? ಸ್ಟೋವಿನ ಸದ್ದಿನಾಗ ಕೇಳಲಿಲ್ಲ. ಇನ್ನೊಮ್ಮೆ ಹೇಳ್ರಿ."

ಅವನು ಬೆಳಕಿಂಡಿಗೆ ಬಗ್ಗಿ ನೋಡಿದ. ಸ್ಟೋವು ಹಚ್ಚಿಯೇ ಇರಲಿಲ್ಲ. ಅವಳು ಸೋಸಿದ ಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು, ಮುಖ ಮೇಲಕ್ಕೆ ಮಾಡಿ ಕಾಯುತ್ತಿದ್ದಳು. ಅಂಬಾದಾಸ ಎದ್ದು ನಿಂತು, ಓಣಿಯ ಕಡೆಗೆ ತಿರುಗಿ, ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದ.